ಮಾಂಸದ ಕೋಳಿಯ ಬೆಳವಣಿಗೆ ಮತ್ತು ಆಹಾರದ ಅಮೈನೋ ಆಮ್ಲಗಳು

ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ

ಕೋಳಿ ಸಾಕಣೆಗೆ ಸಂಬಂಧಿಸಿದಂತೆ ಗ್ರಾಮ ಪಂಚಾಯತಿಗಳಿಗೆ ಸಾಮಾನ್ಯವಾಗಿ ಎರಡು ಬಗೆಯ ಅರ್ಜಿಗಳು ಬರುತ್ತವೆ. ಮೊದಲನೆಯದು ಶೆಡ್ಡಿನ ಸುತ್ತಮುತ್ತಲಿನ ಮನೆಯವರದು: ದುರ್ವಾಸನೆ, ನೊಣಗಳ ಕಾಟ, ಮಳೆಗಾಲದಲ್ಲಿ ಬಾವಿಗೆ ಹರಿದುಬರುವ ಗೊಬ್ಬರದ ನೀರು. ಎರಡನೆಯದು ಸಾಕಣೆದಾರರದು: ಮರಿಗಳು ತೂಕ ಬರಲಿಲ್ಲ, ಆಹಾರ ಹೆಚ್ಚು ಖರ್ಚಾಯಿತು, ಒಪ್ಪಂದದ ಕಂಪನಿಯವರು ಸಾಕಣೆ ಹಣದಲ್ಲಿ ಕಡಿತ ಮಾಡಿದರು. ಮೊದಲ ಅರ್ಜಿಯನ್ನು ನೈರ್ಮಲ್ಯದ ಕಡತಕ್ಕೆ ಸೇರಿಸುವುದು, ಎರಡನೆಯದನ್ನು ‘ಪಂಚಾಯತಿ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಷರಾ ಬರೆದು ಮುಕ್ತಾಯಗೊಳಿಸುವುದು ರೂಢಿಯಾಗಿದೆ. ಆದರೆ ಈ ಎರಡೂ ಅರ್ಜಿಗಳ ಮೂಲ ಹಲವು ಬಾರಿ ಒಂದೇ ಆಹಾರದ ಚೀಲದಲ್ಲಿರುತ್ತದೆ. ಕೋಳಿಯ ಮೈಗೆ ಸೇರಬೇಕಾದ ಸಾರಜನಕವು ಮೈಗೆ ಸೇರದೆ ಹಾಸಿಗೆ ಇಳಿದಾಗ ಸಾಕಣೆದಾರನಿಗೆ ತೂಕ ನಷ್ಟ, ನೆರೆಯವರಿಗೆ ವಾಸನೆ. ಈ ಸಂಬಂಧವನ್ನು ತಿಳಿಯಬೇಕಾದರೆ ಅಮೈನೋ ಆಮ್ಲಗಳೆಂಬ ವಸ್ತುಗಳ ಪರಿಚಯ ಅಗತ್ಯ.

ಸಂಜೀವಿನಿ ಗುಂಪುಗಳ ಮಹಿಳೆಯರು ಸಾಲ ಪಡೆದು ಶೆಡ್ಡು ನಡೆಸುತ್ತಿರುವ, ನರೇಗಾ ಅಡಿಯಲ್ಲಿ ಕೋಳಿ ಶೆಡ್ಡುಗಳು ನಿರ್ಮಾಣವಾಗಿರುವ ಪಂಚಾಯತಿಗಳಲ್ಲಿ ಈ ತಿಳಿವಳಿಕೆಗೆ ಇನ್ನೂ ಹೆಚ್ಚಿನ ಮಹತ್ವವಿದೆ. ಮಾಂಸದ ಕೋಳಿಯ ಉತ್ಪಾದನಾ ವೆಚ್ಚದಲ್ಲಿ ಸುಮಾರು ಶೇ. 65ರಿಂದ 70 ಭಾಗ ಆಹಾರದ್ದೇ ಆಗಿದೆ. ಶೆಡ್ಡಿನ ಅಂದಾಜುಪಟ್ಟಿಯನ್ನು ಪೈಸೆ ಪೈಸೆಗೂ ಪರಿಶೀಲಿಸುವ ಸಭೆಯು ಆ ಶೆಡ್ಡಿನೊಳಗೆ ಪ್ರತಿ ಎರಡು ತಿಂಗಳಿಗೊಮ್ಮೆ ಬಂದಿಳಿಯುವ ಲಾರಿ ಲೋಡಿನ ಬಗ್ಗೆ ಏನನ್ನೂ ಕೇಳದಿರುವುದು ವಿಚಿತ್ರವೇ ಸರಿ.

ಪ್ರೋಟೀನು ಒಂದು ಹೆಸರು, ವಸ್ತುಗಳು ಇಪ್ಪತ್ತು

ಬ್ರಾಯ್ಲರ್ ಮರಿ ಮೊಟ್ಟೆಯಿಂದ ಹೊರಬಂದ ದಿನ ಸುಮಾರು 40 ಗ್ರಾಂ ತೂಗುತ್ತದೆ. ಆರು ವಾರಗಳಲ್ಲಿ ಅದು 2 ಕಿಲೋ ದಾಟುತ್ತದೆ, ಅಂದರೆ ಐವತ್ತು ಪಟ್ಟಿಗೂ ಮಿಗಿಲಾಗಿ ಬೆಳೆಯುತ್ತದೆ. ಈ ಬೆಳವಣಿಗೆಯಲ್ಲಿ ನೀರನ್ನು ಬಿಟ್ಟರೆ ಹೆಚ್ಚಿನ ಪಾಲು ಮಾಂಸಖಂಡದ ಪ್ರೋಟೀನು. ಗರಿಯೂ ಬಹುತೇಕ ಪ್ರೋಟೀನೇ. ಆದ್ದರಿಂದಲೇ ಆಹಾರದ ಚೀಲದ ಮೇಲೆ ಪ್ರೋಟೀನಿನ ಶೇಕಡಾ ಪ್ರಮಾಣವನ್ನು ದೊಡ್ಡದಾಗಿ ಮುದ್ರಿಸಿರುತ್ತಾರೆ.

ಆದರೆ ಪ್ರೋಟೀನು ಒಂದೇ ವಸ್ತುವಲ್ಲ. ಅದು ಸುಮಾರು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ನಿರ್ದಿಷ್ಟ ಕ್ರಮದಲ್ಲಿ ಜೋಡಿಸಿದ ಸರ. ಕೋಳಿ ತಿಂದ ಸೋಯಾ ಹಿಂಡಿಯ ಪ್ರೋಟೀನು ಕರುಳಿನಲ್ಲಿ ಬಿಡಿ ಅಮೈನೋ ಆಮ್ಲಗಳಾಗಿ ಒಡೆದು ರಕ್ತಕ್ಕೆ ಸೇರುತ್ತದೆ. ಬಳಿಕ ಕೋಳಿಯ ದೇಹವು ತನಗೆ ಬೇಕಾದ ಕ್ರಮದಲ್ಲಿ ಅವುಗಳನ್ನು ಮತ್ತೆ ಪೋಣಿಸುತ್ತದೆ. ಇಪ್ಪತ್ತರಲ್ಲಿ ಅರ್ಧದಷ್ಟನ್ನು ಕೋಳಿ ತಾನೇ ತಯಾರಿಸಿಕೊಳ್ಳಬಲ್ಲದು. ಉಳಿದವನ್ನು ಆಹಾರದಿಂದಲೇ ಪಡೆಯಬೇಕು. ಇವನ್ನು ಅಗತ್ಯ ಅಮೈನೋ ಆಮ್ಲಗಳೆಂದು ಕರೆಯುತ್ತಾರೆ. ಮೆಥಿಯೋನಿನ್, ಲೈಸಿನ್, ಥ್ರಿಯೋನಿನ್, ಟ್ರಿಪ್ಟೋಫ್ಯಾನ್, ಆರ್ಜಿನಿನ್, ವ್ಯಾಲಿನ್, ಐಸೋಲ್ಯೂಸಿನ್, ಲ್ಯೂಸಿನ್, ಹಿಸ್ಟಿಡಿನ್, ಫಿನೈಲ್ ಅಲನಿನ್ ಇವು ಆ ಗುಂಪಿಗೆ ಸೇರಿದವು. ಈ ಹೆಸರುಗಳನ್ನೆಲ್ಲ ನೆನಪಿಡಬೇಕಾಗಿಲ್ಲ. ಮೊದಲ ಮೂರು ಸಾಕು.

ಕಾಮಗಾರಿಯ ಅನುಭವವಿರುವ ಸದಸ್ಯರಿಗೆ ಒಂದು ಹೋಲಿಕೆಯಿಂದ ವಿಷಯ ಬೇಗ ತಿಳಿಯುತ್ತದೆ. ಅಂಗನವಾಡಿ ಕಟ್ಟಡಕ್ಕೆ ಇಟ್ಟಿಗೆ, ಮರಳು, ಕಬ್ಬಿಣ ಎಲ್ಲವೂ ಬಂದಿದ್ದು ಸಿಮೆಂಟು ಮಾತ್ರ ಅರ್ಧ ಬಂದಿದ್ದರೆ, ಸಿಮೆಂಟು ಮುಗಿದ ಕಡೆಗೇ ಗೋಡೆ ನಿಲ್ಲುತ್ತದೆ. ಇಟ್ಟಿಗೆಯನ್ನು ಎಷ್ಟು ಹೆಚ್ಚಿಗೆ ತರಿಸಿದರೂ ಅದು ಸಿಮೆಂಟಿನ ಕೆಲಸ ಮಾಡಲಾರದು. ಅಮೈನೋ ಆಮ್ಲಗಳದೂ ಇದೇ ನಿಯಮ. ಎಲ್ಲಕ್ಕಿಂತ ಮೊದಲು ಕೊರತೆಯಾಗುವ ಆಮ್ಲ ಯಾವುದೋ ಅದೇ ಇಡೀ ಬೆಳವಣಿಗೆಯ ಮಿತಿ. ಆದರೆ ಕಟ್ಟಡಕ್ಕೂ ಕೋಳಿಗೂ ಒಂದು ವ್ಯತ್ಯಾಸವಿದ್ದು, ವಿಷಯದ ತಿರುಳು ಅಲ್ಲೇ ಇದೆ. ಉಳಿದ ಇಟ್ಟಿಗೆಯನ್ನು ಪಂಚಾಯತಿಯ ಗೋದಾಮಿನಲ್ಲಿಟ್ಟು ಮುಂದಿನ ಕಾಮಗಾರಿಗೆ ಬಳಸಬಹುದು. ಕೋಳಿಯ ದೇಹದಲ್ಲಿ ಹೆಚ್ಚುವರಿ ಅಮೈನೋ ಆಮ್ಲಕ್ಕೆ ಗೋದಾಮಿಲ್ಲ. ಬಳಕೆಯಾಗದ್ದನ್ನು ಆಗಿಂದಾಗಲೇ ಒಡೆದು, ಅದರ ಸಾರಜನಕವನ್ನು ಯೂರಿಕ್ ಆಮ್ಲವಾಗಿ ಪರಿವರ್ತಿಸಿ ಹೊರಹಾಕಬೇಕು. ಹೀಗೆ ಹೊರಹಾಕುವುದಕ್ಕೂ ಶಕ್ತಿ ವ್ಯಯವಾಗುತ್ತದೆ, ನೀರೂ ಬೇಕಾಗುತ್ತದೆ. ತಂದ ಇಟ್ಟಿಗೆಯನ್ನು ಒಡೆದು ಹೊರಗೆ ಸಾಗಿಸುವ ಕೂಲಿಯೂ ಮಾಲೀಕನ ತಲೆಯ ಮೇಲೆಯೇ ಬಿದ್ದಂತೆ.

ಮೂರು ಮುಖ್ಯ ಆಮ್ಲಗಳು

ನಮ್ಮ ದೇಶದಲ್ಲಿ ಮಾಂಸದ ಕೋಳಿಯ ಆಹಾರ ಮುಖ್ಯವಾಗಿ ಮೆಕ್ಕೆಜೋಳ ಮತ್ತು ಸೋಯಾ ಹಿಂಡಿಯಿಂದ ತಯಾರಾಗುತ್ತದೆ. ದಾವಣಗೆರೆ, ಹಾವೇರಿ ಭಾಗದ ಮೆಕ್ಕೆಜೋಳವೂ ಬೀದರ್, ಬೆಳಗಾವಿ, ಧಾರವಾಡ ಭಾಗದ ಸೋಯಾ ಅವರೆಯೂ ಕೋಳಿಯ ತಟ್ಟೆಗೆ ಸೇರುವ ಬೆಳೆಗಳೇ. ಈ ಜೋಡಣೆಯ ಹಿಂದಿನ ತರ್ಕ ನಮ್ಮ ಅಡುಗೆಮನೆಯ ತರ್ಕವೇ ಆಗಿದೆ. ಅನ್ನಕ್ಕೆ ಬೇಳೆ ಸಾರು, ಮುದ್ದೆಗೆ ಹುರುಳಿ ಸಾರು, ಜೋಳದ ರೊಟ್ಟಿಗೆ ಕಾಳಿನ ಪಲ್ಯ ಎಂದು ಹಿರಿಯರು ಜೋಡಿಸಿದ್ದಾರೆ. ಧಾನ್ಯಗಳಲ್ಲಿ ಲೈಸಿನ್ ಕಡಿಮೆ, ದ್ವಿದಳ ಕಾಳುಗಳಲ್ಲಿ ಮೆಥಿಯೋನಿನ್ ಕಡಿಮೆ. ಎರಡನ್ನೂ ಕೂಡಿಸಿದಾಗ ಒಂದರ ಕೊರತೆಯನ್ನು ಇನ್ನೊಂದು ಬಹುಮಟ್ಟಿಗೆ ತುಂಬುತ್ತದೆ. ಮನುಷ್ಯನಿಗೆ ‘ಬಹುಮಟ್ಟಿಗೆ’ ಸಾಕಾಗುತ್ತದೆ. ಆರು ವಾರದಲ್ಲಿ ಐವತ್ತು ಪಟ್ಟು ಬೆಳೆಯಬೇಕಾದ ಹಕ್ಕಿಗೆ ಅಷ್ಟು ಸಾಲದು.

ಮೆಕ್ಕೆಜೋಳ ಮತ್ತು ಸೋಯಾ ಆಹಾರದಲ್ಲಿ ಮೊದಲು ಕೊರತೆಯಾಗುವುದು ಮೆಥಿಯೋನಿನ್. ಇದು ಗಂಧಕವನ್ನು ಒಳಗೊಂಡಿರುವ ಆಮ್ಲ. ಇದರ ಜೊತೆಗಾರ ಸಿಸ್ಟಿನ್. ಗರಿಯ ಪ್ರೋಟೀನಿನಲ್ಲಿ ಸಿಸ್ಟಿನ್ ಹೇರಳವಾಗಿರುವುದರಿಂದ ಕೋಳಿಗೆ ಗಂಧಕದ ಆಮ್ಲಗಳ ಬೇಡಿಕೆ ಗರಿಯಿಲ್ಲದ ಪ್ರಾಣಿಗಳಿಗಿಂತ ಹೆಚ್ಚು. ಕೋಳಿಯ ದೇಹವು ಮೆಥಿಯೋನಿನ್ನಿನಿಂದ ಸಿಸ್ಟಿನ್ ತಯಾರಿಸಬಲ್ಲದು, ಆದರೆ ಸಿಸ್ಟಿನ್‌ನಿಂದ ಮೆಥಿಯೋನಿನ್ ತಯಾರಿಸಲಾರದು. ಆದುದರಿಂದ ಲೆಕ್ಕ ಹಾಕುವಾಗ ಎರಡನ್ನೂ ಕೂಡಿಸಿ ಒಂದು ಸಂಖ್ಯೆ, ಮೆಥಿಯೋನಿನ್ ಮಾತ್ರ ಇನ್ನೊಂದು ಸಂಖ್ಯೆ ಎಂದು ಎರಡನ್ನೂ ನೋಡುತ್ತಾರೆ. ಕೊರತೆಯಾದ ಹಿಂಡಿನಲ್ಲಿ ಗರಿ ಸರಿಯಾಗಿ ಮೂಡದಿರುವುದು, ಬೆನ್ನು ಬೋಳಾಗಿರುವುದು, ಒಂದರ ಗರಿಯನ್ನು ಇನ್ನೊಂದು ಕುಕ್ಕುವುದು ಕಂಡುಬರುತ್ತದೆ.

ಎರಡನೆಯದು ಲೈಸಿನ್. ಎದೆಯ ಮಾಂಸದ ಬೆಳವಣಿಗೆ ಇದರ ಮೇಲೆ ವಿಶೇಷವಾಗಿ ಅವಲಂಬಿಸಿದೆ. ದೇಹವು ಲೈಸಿನ್ನನ್ನು ಬಹುತೇಕ ಮೈಯ ಪ್ರೋಟೀನು ಕಟ್ಟುವುದಕ್ಕೇ ಬಳಸುವುದರಿಂದ ಪೋಷಣಾ ತಜ್ಞರು ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ. ಲೈಸಿನ್ 100 ಎಂದು ಹಿಡಿದು, ಅದಕ್ಕೆ ಅನುಪಾತವಾಗಿ ಉಳಿದ ಆಮ್ಲಗಳು ಎಷ್ಟಿರಬೇಕೆಂದು ಹೇಳುತ್ತಾರೆ. ಗಂಧಕದ ಎರಡು ಆಮ್ಲಗಳು ಕೂಡಿ 72ರಿಂದ 75, ಥ್ರಿಯೋನಿನ್ 67ರ ಆಸುಪಾಸು, ಆರ್ಜಿನಿನ್ 105 ಹೀಗೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ‘ಆದರ್ಶ ಪ್ರೋಟೀನು’ ಎಂಬ ಕಲ್ಪನೆ ಇಂದು ಎಲ್ಲೆಡೆ ಬಳಕೆಯಲ್ಲಿದೆ. ಕಾಂಕ್ರೀಟಿನ ಮಿಶ್ರಣದಲ್ಲಿ ಸಿಮೆಂಟನ್ನು ಒಂದು ಎಂದು ಹಿಡಿದು ಮರಳು, ಜಲ್ಲಿಯ ಪಾಲು ಹೇಳುವಂತೆಯೇ ಇದು.

ಅನುಪಾತವೇ ಮುಖ್ಯವೆಂಬುದಕ್ಕೆ ಒಂದು ಉದಾಹರಣೆ ಸಾಕು. ಲೈಸಿನ್ ಒಳ್ಳೆಯದೆಂದು ವಿಪರೀತ ಸುರಿದರೆ ಅದು ಆರ್ಜಿನಿನ್ನನ್ನು ಮೂತ್ರಪಿಂಡದಲ್ಲಿ ಹೆಚ್ಚು ಒಡೆಯುವಂತೆ ಮಾಡುತ್ತದೆ. ಹಸು, ಹಂದಿ, ಮನುಷ್ಯರಂತೆ ಆರ್ಜಿನಿನ್ನನ್ನು ದೇಹದೊಳಗೆ ತಯಾರಿಸಿಕೊಳ್ಳುವ ಶಕ್ತಿ ಹಕ್ಕಿಗಳಿಗಿಲ್ಲ. ಆದ್ದರಿಂದ ಲೈಸಿನ್ನಿನ ಅತಿಯಿಂದ ಬೇರೊಂದರ ಕೊರತೆ ಹುಟ್ಟಿ ಬೆಳವಣಿಗೆ ಕುಂಠಿತಗೊಳ್ಳುತ್ತದೆ.

ಮೂರನೆಯದಾದ ಥ್ರಿಯೋನಿನ್ನನ್ನು ಇದೇ ಇಲಿನಾಯ್ ವಿಶ್ವವಿದ್ಯಾಲಯದ ವಿಲಿಯಂ ರೋಸ್ 1935ರಲ್ಲಿ ಗುರುತಿಸಿದರು. ಕರುಳಿನ ಒಳಗೋಡೆಯನ್ನು ಕಾಯುವ ಲೋಳೆಯಲ್ಲಿ ಇದು ಹೆಚ್ಚಾಗಿರುತ್ತದೆ. ಕರುಳಿನ ಕಾಯಿಲೆ ಬಂದ ಹಿಂಡಿಗೆ ಇದರ ಬೇಡಿಕೆ ಹೆಚ್ಚು.

ನೂರು ಕಿಲೋ ಆಹಾರದ ಲೆಕ್ಕ

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1994ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ ಮೊದಲ ಮೂರು ವಾರದ ಬ್ರಾಯ್ಲರ್ ಆಹಾರದಲ್ಲಿ ಪ್ರೋಟೀನು ಶೇ. 23, ಲೈಸಿನ್ ಶೇ. 1.10, ಮೆಥಿಯೋನಿನ್ ಮತ್ತು ಸಿಸ್ಟಿನ್ ಕೂಡಿ ಶೇ. 0.90, ಥ್ರಿಯೋನಿನ್ ಶೇ. 0.80 ಇರಬೇಕು. ಮೂರರಿಂದ ಆರನೆಯ ವಾರದವರೆಗೆ ಇವು ಕ್ರಮವಾಗಿ 20, 1.00, 0.72 ಮತ್ತು 0.74ಕ್ಕೆ ಇಳಿಯುತ್ತವೆ. ಇಂದಿನ ತಳಿಗಳು ಇನ್ನೂ ವೇಗವಾಗಿ ಬೆಳೆಯುವುದರಿಂದ ತಳಿ ಕಂಪನಿಗಳು ಇದಕ್ಕಿಂತ ಹೆಚ್ಚಿನ ಲೈಸಿನ್ ಶಿಫಾರಸು ಮಾಡುತ್ತವೆ. ನಮ್ಮಲ್ಲಿ ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 1374 ಎಂಬ ಮಾನಕವು ಕೋಳಿ ಆಹಾರಕ್ಕೆ ಸಂಬಂಧಿಸಿದ್ದು, ಅದರಲ್ಲಿಯೂ ಪ್ರೋಟೀನಿಗೊಂದು, ಲೈಸಿನ್ನಿಗೊಂದು, ಮೆಥಿಯೋನಿನ್ನಿಗೊಂದು ಎಂದು ಪ್ರತ್ಯೇಕ ಕನಿಷ್ಠ ಮಿತಿಗಳಿವೆ. ಲೆಕ್ಕದ ಸರಳತೆಗಾಗಿ ಇಲ್ಲಿ 1994ರ ಪಟ್ಟಿಯನ್ನೇ ಬಳಸಲಾಗಿದೆ.

ನೂರು ಕಿಲೋ ಆಹಾರದಲ್ಲಿ 60 ಕಿಲೋ ಮೆಕ್ಕೆಜೋಳ, 35 ಕಿಲೋ ಸೋಯಾ ಹಿಂಡಿ, ಉಳಿದ 5 ಕಿಲೋ ಎಣ್ಣೆ, ಖನಿಜ, ಉಪ್ಪು, ಜೀವಸತ್ವಗಳ ಮಿಶ್ರಣ ಎಂದು ಭಾವಿಸೋಣ. ಮೆಕ್ಕೆಜೋಳದಲ್ಲಿ ಪ್ರೋಟೀನು ಶೇ. 8.5, ಸೋಯಾ ಹಿಂಡಿಯಲ್ಲಿ ಶೇ. 44. ಒಟ್ಟು ಪ್ರೋಟೀನು 5.1 ಮತ್ತು 15.4 ಕೂಡಿ 20.5 ಕಿಲೋ. ಅಂದರೆ 23ಕ್ಕೆ ಎರಡೂವರೆ ಕಡಿಮೆ. ಇಷ್ಟನ್ನೇ ನೋಡಿದವರು ಆಹಾರ ಕಳಪೆ ಎಂದು ತೀರ್ಮಾನಿಸಬಹುದು.

ಈಗ ಆಮ್ಲಗಳನ್ನು ಲೆಕ್ಕ ಹಾಕೋಣ. ಲೈಸಿನ್ ಮೆಕ್ಕೆಜೋಳದಲ್ಲಿ ಶೇ. 0.26, ಹಿಂಡಿಯಲ್ಲಿ ಶೇ. 2.69. ಹೀಗಾಗಿ 156 ಗ್ರಾಂ ಮತ್ತು 942 ಗ್ರಾಂ, ಒಟ್ಟು 1,098 ಗ್ರಾಂ. ಬೇಕಾದದ್ದು 1,100, ಸರಿಯಾಗಿದೆ. ಥ್ರಿಯೋನಿನ್ 174 ಮತ್ತು 602 ಕೂಡಿ 776 ಗ್ರಾಂ, ಬೇಕಾದದ್ದು 800. ಕೊರತೆ ಕೇವಲ 24 ಗ್ರಾಂ. ಗಂಧಕದ ಆಮ್ಲಗಳು ಮೆಕ್ಕೆಜೋಳದಲ್ಲಿ ಶೇ. 0.36, ಹಿಂಡಿಯಲ್ಲಿ ಶೇ. 1.28. ಅಂದರೆ 216 ಮತ್ತು 448 ಕೂಡಿ 664 ಗ್ರಾಂ. ಬೇಕಾದದ್ದು 900. ಕೊರತೆ 236 ಗ್ರಾಂ, ಎಂದರೆ ಕಾಲುಭಾಗಕ್ಕೂ ಹೆಚ್ಚು.

ಈ 236 ಗ್ರಾಂ ಕೊರತೆಯನ್ನು ತುಂಬಲು ಎರಡು ದಾರಿಗಳಿವೆ. ಒಂದು, ಮೆಕ್ಕೆಜೋಳವನ್ನು ಕಡಿಮೆ ಮಾಡಿ ಸೋಯಾ ಹಿಂಡಿಯನ್ನು ಹೆಚ್ಚಿಸುವುದು. ಒಂದು ಕಿಲೋ ಜೋಳದ ಜಾಗದಲ್ಲಿ ಒಂದು ಕಿಲೋ ಹಿಂಡಿ ಹಾಕಿದರೆ ಸಿಗುವ ಹೆಚ್ಚುವರಿ 9.2 ಗ್ರಾಂ ಮಾತ್ರ. ಆ ಲೆಕ್ಕದಲ್ಲಿ ಸುಮಾರು 25.6 ಕಿಲೋ ಹಿಂಡಿಯನ್ನು ಹೆಚ್ಚಿಗೆ ಸೇರಿಸಬೇಕು. ಆಗ ಆಹಾರದ ಪ್ರೋಟೀನು ಶೇ. 29 ದಾಟುತ್ತದೆ, ಲೈಸಿನ್ 1,700 ಗ್ರಾಂ ದಾಟುತ್ತದೆ, ಶಕ್ತಿಯ ಅಂಶ ಕುಸಿಯುತ್ತದೆ, ವೆಚ್ಚ ಏರುತ್ತದೆ. ಇನ್ನೊಂದು ದಾರಿ, ಕಾರ್ಖಾನೆಯಲ್ಲಿ ತಯಾರಾದ ಡಿ.ಎಲ್. ಮೆಥಿಯೋನಿನ್ ಪುಡಿಯನ್ನು 240 ಗ್ರಾಂ ಸೇರಿಸುವುದು. ಒಂದು ಟನ್ನಿಗೆ ಎರಡೂವರೆ ಕಿಲೋಗೂ ಕಡಿಮೆ. ಜೊತೆಗೆ ಚಿಟಿಕೆಯಷ್ಟು ಥ್ರಿಯೋನಿನ್. ಹೀಗೆ ಮಾಡಿದರೆ ಶೇ. 20.5 ಪ್ರೋಟೀನಿನ ಆಹಾರವು ಈ ಮೂರು ಆಮ್ಲಗಳ ಮಟ್ಟಿಗೆ ಶೇ. 23ರ ಆಹಾರದ ಕೆಲಸ ಮಾಡುತ್ತದೆ. ನಿಜವಾದ ಸೂತ್ರದಲ್ಲಿ ವ್ಯಾಲಿನ್, ಐಸೋಲ್ಯೂಸಿನ್, ಗ್ಲೈಸಿನ್ ಮುಂತಾದವನ್ನೂ ನೋಡಬೇಕಾಗುತ್ತದೆ. ಪ್ರೋಟೀನನ್ನು ಇನ್ನೂ ಇಳಿಸುತ್ತ ಹೋದಂತೆ ಅವುಗಳ ಸರದಿ ಬರುತ್ತದೆ.

ಲೈಸಿನ್ ಪುಡಿಯೂ ಮಾರುಕಟ್ಟೆಯಲ್ಲಿದೆ. ಅದು ಹುದುಗುವಿಕೆಯಿಂದ ತಯಾರಾಗುತ್ತದೆ. ಸಕ್ಕರೆಯಂತಹ ವಸ್ತುವನ್ನು ತಿಂದು ಅಮೈನೋ ಆಮ್ಲ ಹೊರಬಿಡುವ ಒಂದು ಬ್ಯಾಕ್ಟೀರಿಯಾವನ್ನು ಜಪಾನಿನ ವಿಜ್ಞಾನಿಗಳು 1950ರ ದಶಕದಲ್ಲಿ ಕಂಡುಹಿಡಿದದ್ದರಿಂದ ಇದು ಸಾಧ್ಯವಾಯಿತು. ಗ್ರಾಮಸಭೆಗಳಲ್ಲಿ ಕೆಲವೊಮ್ಮೆ ‘ಫಾರಂ ಕೋಳಿಗೆ ಹಾರ್ಮೋನು ಕೊಡುತ್ತಾರೆ, ಅದಕ್ಕೇ ಇಷ್ಟು ಬೇಗ ಬೆಳೆಯುತ್ತದೆ’ ಎಂಬ ಮಾತು ಕೇಳಿಬರುತ್ತದೆ. ಈ ಪುಡಿಗಳು ಹಾರ್ಮೋನುಗಳಲ್ಲ, ಔಷಧಗಳೂ ಅಲ್ಲ. ಹಿಂಡಿಯಲ್ಲಿರುವ ಆಮ್ಲಗಳೇ ಬಿಡಿಯಾಗಿ ಸಿಗುವ ರೂಪ. ಬೆಳವಣಿಗೆಯ ಹಾರ್ಮೋನು ಸ್ವತಃ ಒಂದು ಪ್ರೋಟೀನಾದ್ದರಿಂದ ಆಹಾರದಲ್ಲಿ ಬೆರೆಸಿದರೆ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ. ಐದು ಸಾವಿರ ಕೋಳಿಗೆ ಪದೇಪದೇ ಸೂಜಿ ಚುಚ್ಚುವ ಸಾಕಣೆದಾರನಿಗೆ ಬೇರೆ ಕೆಲಸಕ್ಕೆ ಸಮಯವೇ ಉಳಿಯದು. ವೇಗದ ಬೆಳವಣಿಗೆಗೆ ಕಾರಣ ದಶಕಗಳ ತಳಿ ಆಯ್ಕೆ ಮತ್ತು ಈ ಬಗೆಯ ಲೆಕ್ಕಾಚಾರದ ಆಹಾರ.

ಚೀಲದ ಮೇಲಿನ ಸಂಖ್ಯೆ ಎಷ್ಟು ನಿಜ

ಪ್ರಯೋಗಾಲಯದಲ್ಲಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತಾರೆ, ಏಕೆಂದರೆ ಪ್ರೋಟೀನಿನಲ್ಲಿ ಸರಾಸರಿ ಶೇ. 16 ಸಾರಜನಕವಿದೆ. ಇದನ್ನೇ ಕಚ್ಚಾ ಪ್ರೋಟೀನು ಎನ್ನುವುದು. ಮೋಸಕ್ಕೆ ಇಲ್ಲಿ ಅವಕಾಶವಿದೆ. ಹೊಲಕ್ಕೆ ಹಾಕುವ ಯೂರಿಯಾದಲ್ಲಿ ಶೇ. 46 ಸಾರಜನಕವಿರುವುದರಿಂದ, ನೂರು ಕಿಲೋ ಆಹಾರಕ್ಕೆ ಒಂದೇ ಕಿಲೋ ಯೂರಿಯಾ ಬೆರೆಸಿದರೂ ವರದಿಯಲ್ಲಿ ಪ್ರೋಟೀನು ಸುಮಾರು 2.9ರಷ್ಟು ಏರುತ್ತದೆ. ಹಸು, ಎಮ್ಮೆಗಳ ಮೆಲುಕು ಚೀಲದ ಸೂಕ್ಷ್ಮಜೀವಿಗಳು ಯೂರಿಯಾದಿಂದ ಪ್ರೋಟೀನು ತಯಾರಿಸಬಲ್ಲವು. ಕೋಳಿಗೆ ಆ ಚೀಲವಿಲ್ಲ. ಅದಕ್ಕೆ ಯೂರಿಯಾ ಆಹಾರವಲ್ಲ, ಹೊರೆ. ಆದುದರಿಂದ ಕಚ್ಚಾ ಪ್ರೋಟೀನಿನ ವರದಿಯೊಂದನ್ನೇ ಹಿಡಿದುಕೊಂಡು ಆಹಾರ ಚೆನ್ನಾಗಿದೆ ಎಂದು ಒಪ್ಪುವುದು ಸಮಂಜಸವಲ್ಲ. ಯೂರಿಯಾ ಪರೀಕ್ಷೆಯನ್ನೂ ಜೊತೆಗೆ ಕೇಳಬೇಕು.

ಮೋಸವಿಲ್ಲದೆಯೂ ಸಂಖ್ಯೆ ದಾರಿ ತಪ್ಪಿಸಬಹುದು. ಶೇಂಗಾ ಹಿಂಡಿಯಲ್ಲಿ ಪ್ರೋಟೀನು ಸೋಯಾ ಹಿಂಡಿಯಷ್ಟೇ ಅಥವಾ ತುಸು ಹೆಚ್ಚೇ ಇದ್ದರೂ ಲೈಸಿನ್ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ತೇವದಲ್ಲಿ ಇಟ್ಟ ಶೇಂಗಾ ಹಿಂಡಿಗೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುವ ಅಪಾಯ ಬೇರೆ. ಹತ್ತಿಬೀಜದ ಹಿಂಡಿಯಲ್ಲಿರುವ ಗಾಸಿಪಾಲ್ ಎಂಬ ವಸ್ತು ಲೈಸಿನ್ನನ್ನು ಬಂಧಿಸಿಡುತ್ತದೆ. ಸೋಯಾ ಹಿಂಡಿಯ ಲೈಸಿನ್ನಿನಲ್ಲಿ ಸುಮಾರು ಶೇ. 90 ಕೋಳಿಗೆ ಜೀರ್ಣವಾದರೆ ಹತ್ತಿಬೀಜದ ಹಿಂಡಿಯದ್ದು ಮೂರನೇ ಎರಡು ಭಾಗದಷ್ಟು ಮಾತ್ರ. ಕಾಗದದ ಮೇಲೆ ಇರುವ ಆಮ್ಲ ಬೇರೆ, ಕೋಳಿಗೆ ದಕ್ಕುವ ಆಮ್ಲ ಬೇರೆ.

ಸೋಯಾ ಅವರೆಯ ಸಂಸ್ಕರಣೆಯದು ಇನ್ನೂ ಸೂಕ್ಷ್ಮ. ಹಸಿ ಸೋಯಾದಲ್ಲಿ ಪ್ರೋಟೀನು ಜೀರ್ಣವಾಗದಂತೆ ತಡೆಯುವ ವಸ್ತುಗಳಿರುತ್ತವೆ. ಅದನ್ನು ತಿಂದ ಮರಿಗಳ ಮೇದೋಜೀರಕ ಗ್ರಂಥಿ ಊದಿಕೊಂಡು ಬೆಳವಣಿಗೆ ನಿಲ್ಲುತ್ತದೆ. ಆದ್ದರಿಂದ ಬಿಸಿ ಮಾಡಲೇಬೇಕು. ಹೆಚ್ಚು ಬಿಸಿ ಮಾಡಿದರೆ ಲೈಸಿನ್ ಸಕ್ಕರೆಯ ಅಂಶದೊಂದಿಗೆ ಬೆಸೆದುಕೊಂಡು, ರೊಟ್ಟಿ ಸೀದಂತೆ ಕಂದು ಬಣ್ಣಕ್ಕೆ ತಿರುಗಿ, ಕೋಳಿಗೆ ದಕ್ಕದಂತಾಗುತ್ತದೆ. ಎರಡೂ ಸಂದರ್ಭಗಳಲ್ಲಿ ಕಚ್ಚಾ ಪ್ರೋಟೀನಿನ ಸಂಖ್ಯೆ ಕದಲುವುದಿಲ್ಲ. ಸಾಕಷ್ಟು ಬೇಯದಿದ್ದರೆ ಯೂರಿಯೇಸ್ ಪರೀಕ್ಷೆಯಲ್ಲಿ, ಅತಿಯಾಗಿ ಬೆಂದಿದ್ದರೆ ಕ್ಷಾರದಲ್ಲಿ ಪ್ರೋಟೀನು ಕರಗುವ ಪ್ರಮಾಣದ ಪರೀಕ್ಷೆಯಲ್ಲಿ ತಿಳಿಯುತ್ತದೆ. ತಮ್ಮ ಹೊಲದ ಸೋಯಾವನ್ನು ತಾವೇ ಹುರಿದು ಕೋಳಿಗೆ ಹಾಕಬಯಸುವ ರೈತರಿಗೆ ಈ ಅಂಶವನ್ನು ಮೊದಲೇ ತಿಳಿಸುವುದು ಒಳಿತು.

ಹೆಚ್ಚಾದ ಸಾರಜನಕ ಎಲ್ಲಿಗೆ ಹೋಗುತ್ತದೆ

ಐದು ಸಾವಿರ ಕೋಳಿಗಳ ಒಂದು ಬ್ಯಾಚನ್ನು ತೆಗೆದುಕೊಳ್ಳೋಣ. ಮಾರಾಟದ ತೂಕ ತಲಾ 2.2 ಕಿಲೋ ಎಂದರೆ ಒಟ್ಟು 11,000 ಕಿಲೋ. ಒಂದು ಕಿಲೋ ತೂಕಕ್ಕೆ 1.6 ಕಿಲೋ ಆಹಾರ ಎಂದು ಹಿಡಿದರೆ 17,600 ಕಿಲೋ ಆಹಾರ. ಸರಾಸರಿ ಶೇ. 20ರಂತೆ ಪ್ರೋಟೀನು 3,520 ಕಿಲೋ, ಅದರಲ್ಲಿ ಸಾರಜನಕ ಸುಮಾರು 563 ಕಿಲೋ. ಬ್ರಾಯ್ಲರಿನ ಮೈತೂಕದಲ್ಲಿ ಸಾರಜನಕ ಸುಮಾರು ಶೇ. 2.9. ಆದ್ದರಿಂದ ಕೋಳಿಗಳ ಜೊತೆ ಲಾರಿ ಹತ್ತುವುದು 319 ಕಿಲೋ. ಉಳಿದ 244 ಕಿಲೋ ಹಾಸಿನಲ್ಲಿ ಮತ್ತು ಗಾಳಿಯಲ್ಲಿ. ಇದು 45 ಕಿಲೋ ತೂಕದ ಸುಮಾರು ಹನ್ನೆರಡು ಚೀಲ ಯೂರಿಯಾದಲ್ಲಿರುವಷ್ಟು ಸಾರಜನಕ, ಒಂದೇ ಬ್ಯಾಚಿನಿಂದ.

ಹಾಸಿಗೆ ಬಿದ್ದ ಯೂರಿಕ್ ಆಮ್ಲವು ತೇವವಿದ್ದಲ್ಲಿ ಸೂಕ್ಷ್ಮಜೀವಿಗಳಿಂದ ಒಡೆದು ಅಮೋನಿಯಾ ಆಗುತ್ತದೆ. ಶೆಡ್ಡಿನೊಳಗೆ ಕಾಲಿಟ್ಟ ಕೂಡಲೇ ಕಣ್ಣು ಉರಿಸುವ ವಾಸನೆ ಅದೇ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅಮೋನಿಯಾ 25 ಭಾಗ ಮೀರಿದರೆ ಕೋಳಿಗಳ ಕಣ್ಣು, ಶ್ವಾಸನಾಳಕ್ಕೆ ಹಾನಿಯಾಗಿ ಬೆಳವಣಿಗೆಯೂ ಕುಗ್ಗುತ್ತದೆ. ಹೆಚ್ಚುವರಿ ಪ್ರೋಟೀನು ತಿಂದ ಕೋಳಿ ನೀರನ್ನೂ ಹೆಚ್ಚು ಕುಡಿಯುವುದರಿಂದ ಹಾಸು ಒದ್ದೆಯಾಗಿ ಪಾದದಲ್ಲಿ ಹುಣ್ಣಾಗುತ್ತದೆ, ನೊಣ ಹುಟ್ಟುತ್ತದೆ. ಹೀಗೆ ಒಂದೊಂದಾಗಿ ಸೇರಿ ಪಂಚಾಯತಿಯ ಮೊದಲನೆಯ ಅರ್ಜಿ ತಯಾರಾಗುತ್ತದೆ.

ಮೇಲಿನ ಲೆಕ್ಕದಲ್ಲಿ ಅಮೈನೋ ಆಮ್ಲಗಳ ಸಮತೋಲನ ಕೆಡದಂತೆ ಆಹಾರದ ಪ್ರೋಟೀನನ್ನು ಶೇ. 20ರಿಂದ 19ಕ್ಕೆ ಇಳಿಸಿದರೆ ಏನಾಗುತ್ತದೆ? ಒಳಬರುವ ಸಾರಜನಕ 28 ಕಿಲೋ ಕಡಿಮೆಯಾಗುತ್ತದೆ. ಕೋಳಿಯ ಮೈಗೆ ಸೇರುವುದು ಅಷ್ಟೇ ಇರುವುದರಿಂದ ಈ ಇಳಿಕೆಯೆಲ್ಲ ಹಾಸಿನ ಪಾಲಿನದ್ದೇ. 244 ಕಿಲೋ ಇದ್ದದ್ದು 216ಕ್ಕೆ ಬಂತು, ಎಂದರೆ ಶೇ. 11ರಷ್ಟು ಇಳಿಕೆ. ಪ್ರೋಟೀನು ಒಂದು ಅಂಶ ತಗ್ಗಿದರೆ ಹೊರಹೋಗುವ ಸಾರಜನಕ ಹತ್ತರಲ್ಲೊಂದು ಭಾಗ ತಗ್ಗುತ್ತದೆಂಬ ತಜ್ಞರ ಸಾಮಾನ್ಯ ಸೂತ್ರಕ್ಕೆ ಇದು ಹೊಂದುತ್ತದೆ. ನೊಣದ ಔಷಧಿ ಸಿಂಪಡಿಸುವಂತೆ ನೋಟಿಸು ನೀಡುವುದು ಅಗತ್ಯವಿರಬಹುದು, ಆದರೆ ಆಹಾರದ ಸೂತ್ರದ ಬಗ್ಗೆ ಕೇಳುವ ಒಂದು ಪ್ರಶ್ನೆ ಅದಕ್ಕಿಂತ ಆಳಕ್ಕೆ ಹೋಗುತ್ತದೆ. ಇದರರ್ಥ ಸೋರುವ ನೀರಿನ ನಿಪ್ಪಲ್, ಗಾಳಿಯಾಡದ ಶೆಡ್ಡು, ತಿರುವಿಹಾಕದ ಹಾಸು ಇವುಗಳಿಗೆ ವಿನಾಯಿತಿ ಎಂದಲ್ಲ. ಎಷ್ಟೇ ಸಮತೋಲನದ ಆಹಾರವಿದ್ದರೂ ಒದ್ದೆ ಹಾಸು ನಾರುತ್ತದೆ.

ರಾಯಚೂರು, ಕಲಬುರಗಿ ಭಾಗದ ಬೇಸಿಗೆಯಲ್ಲಿ ಇನ್ನೊಂದು ತೊಡಕಿದೆ. ಉಷ್ಣಾಂಶ 40 ಡಿಗ್ರಿ ದಾಟಿದಾಗ ಕೋಳಿ ಆಹಾರ ಕಡಿಮೆ ತಿನ್ನುತ್ತದೆ. ತಿನ್ನುವುದೇ ಕಡಿಮೆಯಾದ್ದರಿಂದ ಪ್ರತಿ ಕಿಲೋದಲ್ಲಿ ಅಗತ್ಯ ಆಮ್ಲಗಳು ಹೆಚ್ಚಿರಬೇಕು. ಆದರೆ ಅದಕ್ಕಾಗಿ ಒಟ್ಟು ಪ್ರೋಟೀನನ್ನೇ ಏರಿಸಿದರೆ, ಹೆಚ್ಚುವರಿ ಆಮ್ಲಗಳನ್ನು ಒಡೆಯುವಾಗ ಹುಟ್ಟುವ ಶಾಖ ಕೋಳಿಯನ್ನು ಇನ್ನಷ್ಟು ದಣಿಸುತ್ತದೆ. ಹಿಂಡಿಯನ್ನು ಹೆಚ್ಚಿಸದೆ ಬಿಡಿ ಆಮ್ಲಗಳನ್ನು ಹೊಂದಿಸುವುದು ಅಲ್ಲಿ ಹೆಚ್ಚು ಉಪಯುಕ್ತ.

ಹಿತ್ತಿಲ ಕೋಳಿಗಳ ವಿಷಯ

ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯದ ವನರಾಜ ಮುಂತಾದ ತಳಿಗಳನ್ನು ಹಿತ್ತಿಲಲ್ಲಿ ಸಾಕುವವರಿಗೆ ಮೇಲಿನ ಲೆಕ್ಕವನ್ನು ಅಷ್ಟು ಬಿಗಿಯಾಗಿ ಅನ್ವಯಿಸಬೇಕಾಗಿಲ್ಲ. ಅವುಗಳ ಬೆಳವಣಿಗೆ ನಿಧಾನ, ಬೇಡಿಕೆ ಕಡಿಮೆ. ತಿಪ್ಪೆ ಕೆದಕಿ ತಿನ್ನುವ ಹುಳು, ಗೆದ್ದಲು ಇವು ಉತ್ತಮ ಗುಣದ ಪ್ರೋಟೀನು. ಆದರೂ ನುಚ್ಚಕ್ಕಿ, ತೌಡು ಮಾತ್ರ ಹಾಕುವ ಮನೆಗಳಲ್ಲಿ ಲೈಸಿನ್ ಕೊರತೆ ಸಹಜ. ಧಾನ್ಯಗಳ ಪೈಕಿ ರಾಗಿಯಲ್ಲಿ ಮೆಥಿಯೋನಿನ್ ಚೆನ್ನಾಗಿದೆ, ಎಳ್ಳು ಹಿಂಡಿಯಲ್ಲಿಯೂ ಇದೆ. ಎರಡರಲ್ಲೂ ಲೈಸಿನ್ ಕಡಿಮೆ. ಅವುಗಳ ಜೊತೆ ಸರಿಯಾಗಿ ಬೆಂದ ಸೋಯಾ ಹಿಂಡಿಯೋ, ಶುಚಿಯಾಗಿ ಒಣಗಿಸಿದ ಮೀನಿನ ಪುಡಿಯೋ ಸ್ವಲ್ಪ ಸೇರಿದರೆ ಹಿತ್ತಿಲ ಕೋಳಿಗೆ ಸಾಕು.

ತೂಕದ ತಕರಾರು ಬಂದಾಗ

ಒಪ್ಪಂದದ ಸಾಕಣೆಯಲ್ಲಿ ಮರಿ, ಆಹಾರ, ಔಷಧಿ ಕಂಪನಿಯದು. ಶೆಡ್ಡು, ನೀರು, ವಿದ್ಯುತ್, ಹಾಸು, ದುಡಿಮೆ ಸಾಕಣೆದಾರನದು. ಒಂದು ಕಿಲೋ ತೂಕಕ್ಕೆ ಎಷ್ಟು ಕಿಲೋ ಆಹಾರ ಖರ್ಚಾಯಿತೆಂಬ ಅನುಪಾತದ ಮೇಲೆ, ಅಂದರೆ ಎಲ್ಲರ ಬಾಯಲ್ಲಿರುವ ‘ಎಫ್‌ಸಿಆರ್’ ಮೇಲೆ, ಸಾಕಣೆ ಹಣ ಏರಿಳಿಯುತ್ತದೆ. ಮೇಲಿನ ಬ್ಯಾಚಿನಲ್ಲಿ ಈ ಅನುಪಾತ 1.6ರಿಂದ 1.7 ಆದರೆ 1,100 ಕಿಲೋ, ಅಂದರೆ 50 ಕಿಲೋದ 22 ಚೀಲ ಆಹಾರ ಹೆಚ್ಚಿಗೆ ಖರ್ಚಾದಂತೆ. ಅಮೈನೋ ಆಮ್ಲದ ಅಲ್ಪ ಕೊರತೆಯಿದ್ದಾಗ ಕೋಳಿ ತುಸು ಹೆಚ್ಚೇ ತಿಂದು ಮಾಂಸದ ಬದಲು ಹೊಟ್ಟೆಯ ಕೊಬ್ಬು ಕೂಡಿಸುತ್ತದೆ. ತಟ್ಟೆ ಖಾಲಿಯಾಗುತ್ತಿರುತ್ತದೆ, ತೂಕ ಮಾತ್ರ ಏರದು. ಆಹಾರದ ಸೂತ್ರ ಸಾಕಣೆದಾರನ ಕೈಯಲ್ಲಿಲ್ಲ, ಅದರ ಫಲ ಮಾತ್ರ ಅವನ ಖಾತೆಯಲ್ಲಿ ದಾಖಲಾಗುತ್ತದೆ. ಇದು ನ್ಯಾಯವೆನಿಸುವುದಿಲ್ಲ. ಹಾಗೆಂದು ಪ್ರತಿ ತಕರಾರಿಗೂ ಆಹಾರವೇ ಕಾರಣವೆಂದು ಹೇಳುವುದೂ ತಪ್ಪು. ಇಲಿ ತಿಂದದ್ದು, ತಟ್ಟೆಯಿಂದ ಚೆಲ್ಲಿದ್ದು, ಕಾಕ್ಸಿಡಿಯಾ ರೋಗ, ಮೊದಲ ವಾರ ಶಾಖ ಸಾಲದೆ ನಡುಗಿದ ಮರಿಗಳು ಇವೆಲ್ಲವೂ ಅನುಪಾತವನ್ನು ಕೆಡಿಸುತ್ತವೆ.

ಕಾರಣ ಯಾವುದೆಂದು ಹೇಳಬಲ್ಲುದು ದಾಖಲೆ ಮಾತ್ರ. ಪ್ರತಿ ವಾರ ಶೆಡ್ಡಿನ ಬೇರೆ ಬೇರೆ ಮೂಲೆಗಳಿಂದ ಸುಮಾರು 50 ಕೋಳಿಗಳನ್ನು ತೂಗಿ ಸರಾಸರಿಯನ್ನು ಪುಸ್ತಕದಲ್ಲಿ ಬರೆಯಬೇಕು. ಮೊದಲ ವಾರದ ಕೊನೆಗೆ ಮರಿ ಹುಟ್ಟಿದ ತೂಕದ ನಾಲ್ಕು ಪಟ್ಟಾದರೂ ಆಗಿರಬೇಕು. ಅಲ್ಲಿಯವರೆಗೆ ಸರಿಯಿದ್ದು, ಹೊಸ ಲೋಡು ಬಂದ ನಂತರ ಬೆಳವಣಿಗೆ ತಗ್ಗಿದ್ದರೆ, ಗರಿಯೂ ಕೆಟ್ಟಿದ್ದರೆ ಆಹಾರದ ಮೇಲಿನ ಅನುಮಾನಕ್ಕೆ ಆಧಾರವಿದೆ.

ಆಹಾರದ ಮಾದರಿಯನ್ನು ಲೋಡು ಇಳಿದ ದಿನವೇ ತೆಗೆದಿಡಬೇಕು. ಕೋಳಿ ಮಾರಾಟವಾದ ಮೇಲೆ ಖಾಲಿ ಚೀಲ ಹಿಡಿದು ಬಂದರೆ ಏನೂ ಸಾಬೀತಾಗದು. ಕನಿಷ್ಠ ಹತ್ತು ಚೀಲಗಳ ನಡುಭಾಗದಿಂದ ಒಂದೊಂದು ಹಿಡಿ ತೆಗೆದು, ಶುಭ್ರವಾದ ಹಾಳೆಯ ಮೇಲೆ ಬೆರೆಸಿ, ಮರಳಿನ ಮಾದರಿ ತೆಗೆಯುವಂತೆ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗಗಳನ್ನು ಉಳಿಸಿಕೊಳ್ಳಬೇಕು. ಅರ್ಧ ಕಿಲೋದ ಮೂರು ಪೊಟ್ಟಣಗಳಾಗುವವರೆಗೆ ಹೀಗೆ ಮಾಡಿ, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ, ಲೋಡು ಬಂದ ದಿನಾಂಕ ಬರೆದು, ಸಾಕಣೆದಾರ ಮತ್ತು ಕಂಪನಿಯ ಮೇಲ್ವಿಚಾರಕ ಇಬ್ಬರ ಸಹಿಯೊಂದಿಗೆ ಮೊಹರು ಮಾಡಬೇಕು. ಒಂದು ಪೊಟ್ಟಣ ಸಾಕಣೆದಾರನಲ್ಲಿ, ಒಂದು ಕಂಪನಿಯಲ್ಲಿ ಇರತಕ್ಕದ್ದು. ಮೂರನೆಯದನ್ನು ಅಗತ್ಯ ಬಿದ್ದಾಗ ಸ್ಥಳೀಯ ಪಶುವೈದ್ಯಾಧಿಕಾರಿಗಳ ಮೂಲಕ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಪೋಷಣಾ ವಿಭಾಗದಂತಹ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಕೋರಿಕೆ ಪತ್ರದಲ್ಲಿ ತೇವಾಂಶ, ಕಚ್ಚಾ ಪ್ರೋಟೀನು, ಯೂರಿಯಾ, ಅಫ್ಲಾಟಾಕ್ಸಿನ್ ಎಂದು ಸ್ಪಷ್ಟವಾಗಿ ಬರೆಯಬೇಕು. ಲೈಸಿನ್, ಮೆಥಿಯೋನಿನ್ ವಿಶ್ಲೇಷಣೆ ದುಬಾರಿಯಾದ್ದರಿಂದ ಒಬ್ಬ ಸಾಕಣೆದಾರನಿಗೆ ಅದು ಭಾರವಾಗುತ್ತದೆ. ಒಂದೇ ಲೋಡಿನ ಆಹಾರ ಪಡೆದ ಹಲವು ಶೆಡ್ಡುಗಳವರು ಕೂಡಿ ಒಂದೇ ಮಾದರಿಯನ್ನು ಕಳುಹಿಸಿದರೆ ವೆಚ್ಚ ಹಂಚಿಹೋಗುತ್ತದೆ. ಅಂತಹ ಸಾಕಣೆದಾರರನ್ನು ಒಂದೆಡೆ ಸೇರಿಸುವುದು ವಾರ್ಡಿನ ಸದಸ್ಯರಿಗೆ ಕಷ್ಟದ ಕೆಲಸವೇನಲ್ಲ. ವರದಿ ಬರುವವರೆಗೆ ಉಳಿದೆರಡು ಪೊಟ್ಟಣಗಳನ್ನು ಬಿಸಿಲು, ತೇವ ತಾಗದ ಜಾಗದಲ್ಲಿ ಇಡಬೇಕು.